ವಂಶದಲ್ಲಿ ಹರಿದು ಬರುವುದೇನು?

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

 

ಈ ಗೋಷ್ಠಿಯಲ್ಲಿ ವಚನಗಳನ್ನು ಓದಿ ಅರಗಿಸಿಕೊಂಡವರು ಮಾತಾಡುವುದು ವಾಡಿಕೆ. ಆ ಅಧಿಕಾರ ನನಗಿಲ್ಲ. ನಾನು ಮೂವತ್ತಮೂರು ವರ್ಷ ಸರಕಾರಿ ಎಂಜಿನಿಯರನಾಗಿ ಕಾಲುವೆ, ಕುಡಿಯುವ ನೀರಿನ ಯೋಜನೆ ಎಂದು ಓಡಾಡಿದವನು. "ನಿಮಗೆ ಗೊತ್ತಿರುವುದನ್ನೇ ಹೇಳಿ" ಎಂದು ಪೂಜ್ಯರು ಅಪ್ಪಣೆ ಮಾಡಿದ್ದಾರೆ. ಆದ್ದರಿಂದ ನನ್ನ ಮನೆಯ ಒಂದು ಸಂಗತಿಯನ್ನೂ ಅದರ ಹಿಂದಿರುವ ವಿಜ್ಞಾನವನ್ನೂ ತಮ್ಮ ಮುಂದಿಡುತ್ತೇನೆ. ವಿಷಯ ಇಷ್ಟೇ: ತಂದೆ-ತಾಯಿಯಿಂದ ಮಕ್ಕಳಿಗೆ ರಕ್ತದಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ.

ನಮ್ಮದು ಒಕ್ಕಲುತನದ ಮನೆ. ತಂದೆಯವರಿಗೆ ಖಿಲಾರಿ ಎತ್ತುಗಳೆಂದರೆ ಜೀವ. ಬೀಜದ ಹೋರಿ ಆರಿಸುವಾಗ ಹೋರಿಯನ್ನಷ್ಟೇ ನೋಡಿದರೆ ಅವರಿಗೆ ಸಮಾಧಾನವಿಲ್ಲ. ಅದರ ತಾಯಿ ಯಾವ ಮನೆಯ ಹಕ್ಕಿಯಲ್ಲಿದೆ ಎಂದು ಕೇಳಿ, ಹೋಗಿ ನೋಡಿ ಬರುತ್ತಿದ್ದರು. ಆ ಹೋರಿಗೆ ಹುಟ್ಟಿದ ಕಡಸು ಬೆದೆಗೆ ಬಂದರೆ ಅದನ್ನು ಮತ್ತೆ ಅದೇ ಹೋರಿಗೆ ಬಿಡುತ್ತಿರಲಿಲ್ಲ. ಬಿಸಿಲಿರಲಿ, ಮಳೆ ಇರಲಿ, ಬೇರೆ ಊರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಯಾಕಪ್ಪಾ ಎಂದು ಕೇಳಿದರೆ, "ಒಂದ ರಕ್ತ ಬ್ಯಾಡ, ಕರಾ ಸೊರಗತಾವ" ಎನ್ನುತ್ತಿದ್ದರು. ಸಾಲಿ ಕಲಿಯದ ಮನುಷ್ಯ. ಆದರೆ ದನದ ವಿಷಯದಲ್ಲಿ ಅವರಿಗಿದ್ದ ತಿಳಿವಳಿಕೆ ಖರೆಯಾದದ್ದು.

ಅದೇ ತಂದೆಯವರು 1990ರಲ್ಲಿ ನನ್ನ ತಮ್ಮನಿಗೆ ನಮ್ಮ ಅಕ್ಕನ ಮಗಳನ್ನು ತಂದುಕೊಂಡರು. ಹೊಲ ಹೊರಗೆ ಹೋಗುವುದಿಲ್ಲ, ಹುಡುಗಿ ಕಣ್ಣೆದುರಿಗೆ ಬೆಳೆದವಳು, ಅಕ್ಕನಿಗೂ ತವರಿಗೂ ಬಳಕೆ ಉಳಿಯುತ್ತದೆ ಎಂಬ ಲೆಕ್ಕ. ಆ ಮಾತುಕತೆಗೆ ಕುಳಿತವರಲ್ಲಿ ಎಂಜಿನಿಯರಿಂಗ್ ಓದಿದವನು ನಾನೊಬ್ಬನೇ. ತಂದೆಯವರು ನನ್ನ ಕಡೆ ನೋಡಿ "ನೀ ಏನಂತಿ?" ಎಂದರು. "ಚಲೋನ ಆತು" ಎಂದೆ. ದನಕ್ಕೆ ಬೇಡವೆಂದಿದ್ದನ್ನು ಮಕ್ಕಳಿಗೆ ಯಾಕೆ ಮಾಡುತ್ತಿದ್ದೇವೆ ಎಂದು ನನಗೆ ಹೊಳೆಯಲಿಲ್ಲ.

ಎರಡು ವರ್ಷಕ್ಕೆ ಗಂಡು ಮಗು. ತೊಟ್ಟಿಲ ಪಕ್ಕದಲ್ಲಿ ತಾಟು ಬಿದ್ದರೂ ಕೂಸು ಬೆಚ್ಚುತ್ತಿರಲಿಲ್ಲ. ಹುಟ್ಟು ಕಿವುಡು, ವಂಶದಲ್ಲಿ ಬಂದದ್ದು ಎಂದು ವೈದ್ಯರು ಹೇಳಿದರು. ಮನೆಯವರು ಬೊಟ್ಟು ಮಾಡಿದ್ದು ತಾಯಿಯ ಕಡೆಗೆ. ಒಂದು ದಿನ ಅವಳು ನೀರು ತಂದಿಟ್ಟು ನನ್ನೆದುರು ನಿಂತು, "ಮಾಮಾ, ಎಲ್ಲಾರೂ ನನ್ನ ಹೊಟ್ಟಿಗೆ ಬೈತಾರ. ಖರೇನ ನನ್ನ ತಪ್ಪೇನು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಪುಸ್ತಕ ಹಿಡಿದೆ. ಇಂದು ಹೇಳುತ್ತಿರುವುದು ಅವಳಿಗೆ ಅಂದೇ ಕೊಡಬೇಕಾಗಿದ್ದ ಉತ್ತರ.

ಈ ವಿದ್ಯೆಯ ಮೊದಲ ಗುರು ಒಬ್ಬ ಮಠದ ಸನ್ಯಾಸಿ. ಹೆಸರು ಗ್ರೆಗರ್ ಮೆಂಡೆಲ್. ಇಂದಿನ ಚೆಕ್ ದೇಶದ ಬ್ರನೋ ಊರಿನ ಕ್ಯಾಥೋಲಿಕ್ ಮಠದಲ್ಲಿದ್ದರು, ಮುಂದೆ 1868ರಲ್ಲಿ ಆ ಮಠದ ಅಧಿಪತಿಯೂ ಆದರು. ಮಠದ ಹಿತ್ತಲಲ್ಲಿ ವರ್ಷಗಟ್ಟಲೆ ಬಟಾಣಿ ಬೆಳೆಸಿ ಕಾಳು ಎಣಿಸಿದರು. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದಾಗ ಬಂದ ಕಾಳೆಲ್ಲ ದುಂಡು. ಸುಕ್ಕು ಮಾಯವಾಯಿತು ಎನ್ನಬೇಕು, ಅಲ್ಲವೇ? ಆ ದುಂಡು ಕಾಳುಗಳನ್ನೇ ಬಿತ್ತಿ ಮುಂದಿನ ಪೀಳಿಗೆ ನೋಡಿದರೆ 5474 ದುಂಡು, 1850 ಸುಕ್ಕು. ಮೂರಕ್ಕೆ ಒಂದು. ಅಂದರೆ ಸುಕ್ಕು ಎಲ್ಲಿಯೂ ಹೋಗಿರಲಿಲ್ಲ. ದುಂಡಿನ ಮರೆಯಲ್ಲಿ ಕುಳಿತಿತ್ತು. 1865ರಲ್ಲಿ ಇದನ್ನು ಸಭೆಯಲ್ಲಿ ಓದಿದರು, ಮರುವರ್ಷ ಅಚ್ಚಾಯಿತು. ಲೋಕ ಅದರ ಬೆಲೆ ತಿಳಿದದ್ದು 1900ರಲ್ಲಿ. ಆಗ ಮೆಂಡೆಲ್ ತೀರಿಕೊಂಡು ಹದಿನಾರು ವರ್ಷವಾಗಿತ್ತು.

ಇದನ್ನು ನನ್ನ ಕಸುಬಿನ ಮಾತಿನಲ್ಲಿ ಹೇಳುತ್ತೇನೆ. ನೀರು ಸರಬರಾಜಿನ ಜಾಕ್‌ವೆಲ್‌ನಲ್ಲಿ ನಾವು ಎಂದೂ ಒಂದೇ ಪಂಪು ಕೂರಿಸುವುದಿಲ್ಲ. ಎರಡಿರುತ್ತವೆ. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ, ಊರಿಗೆ ನೀರು ನಿಲ್ಲುವುದಿಲ್ಲ, ಕೆಟ್ಟದ್ದು ಜನರಿಗೆ ಗೊತ್ತೂ ಆಗುವುದಿಲ್ಲ. ನಮ್ಮ ದೇಹದಲ್ಲಿಯೂ ಪ್ರತಿ ವಂಶವಾಹಿ ಸಾಮಾನ್ಯವಾಗಿ ಜೋಡಿಯಾಗಿರುತ್ತದೆ. ಒಂದು ತಾಯಿಯಿಂದ, ಒಂದು ತಂದೆಯಿಂದ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಇಲ್ಲಿ ಕುಳಿತಿರುವ ಪ್ರತಿಯೊಬ್ಬರಲ್ಲೂ, ನನ್ನಲ್ಲೂ, ಹೀಗೆ ಕೆಟ್ಟು ಸುಮ್ಮನಿರುವ ಕೆಲವು ವಂಶವಾಹಿಗಳಿವೆ. ಅವುಗಳಿಂದ ನಮಗೆ ತೊಂದರೆಯಿಲ್ಲ. ಇಂಥವರನ್ನು ವಿಜ್ಞಾನ ವಾಹಕರು ಎನ್ನುತ್ತದೆ.

ತೊಂದರೆ ಬರುವುದು ಎರಡೂ ಪಂಪು ಒಂದೇ ದೋಷದವಾದಾಗ. ಗಂಡ-ಹೆಂಡತಿ ಇಬ್ಬರೂ ಒಂದೇ ದೋಷದ ವಾಹಕರಾದರೆ ಪ್ರತಿ ಬಸಿರಿನಲ್ಲೂ ಚೀಟಿ ಎತ್ತಿದ ಹಾಗೆ. ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಎರಡೂ ಕೆಟ್ಟವೇ ಬರುತ್ತವೆ. ನಾಲ್ಕರಲ್ಲಿ ಎರಡು ಪಾಲು, ಮಗು ತಂದೆ-ತಾಯಿಯ ಹಾಗೆ ವಾಹಕ. ಉಳಿದ ಒಂದು ಪಾಲು, ಪೂರ್ತಿ ಮುಕ್ತ. ಹುಟ್ಟು ಕಿವುಡುತನದ ಅನೇಕ ಬಗೆಗಳು ಹೀಗೆಯೇ ಬರುತ್ತವೆ. ಅವುಗಳಲ್ಲಿ ಲೋಕದ ಎಲ್ಲೆಡೆ ಕಾಣುವ ಒಂದು, ಕನೆಕ್ಸಿನ್ 26 ಎಂಬ ಪ್ರೋಟೀನಿನ ವಂಶವಾಹಿಯ ದೋಷ.

ಈಗ ತಾಯಿಯಂದಿರು ಗಮನಿಸಬೇಕು. ಇಂಥ ಮಗು ಹುಟ್ಟಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬರಲೇಬೇಕು. ಸರಿಸಮ ಪಾಲು. "ಹೊಟ್ಟೆ" ಎಂದು ಬೈದವರಿಗೆ ಲೆಕ್ಕ ಬರುತ್ತಿರಲಿಲ್ಲ. ನನ್ನ ಸೋದರಸೊಸೆಯ ತಪ್ಪೂ ಇಲ್ಲ, ತಮ್ಮನ ತಪ್ಪೂ ಇಲ್ಲ. ತಪ್ಪು ಜೋಡಿ ಕೂಡಿಸಿದವರದು. ಅವರಲ್ಲಿ ನಾನೊಬ್ಬ.

ಸಂಬಂಧದಲ್ಲಿ ಮದುವೆಯಾದರೆ ಈ ಅಪಾಯ ಎಷ್ಟು ಏರುತ್ತದೆ? ಒಂದು ದೋಷದ ವಾಹಕರು ಐವತ್ತು ಜನರಲ್ಲಿ ಒಬ್ಬರು ಎಂದಿಟ್ಟುಕೊಳ್ಳಿ. ಹುಡುಗ ವಾಹಕ. ಅವನು ಹೊರಗಿನ ಹುಡುಗಿಯನ್ನು ಮದುವೆಯಾದರೆ ಅವಳೂ ವಾಹಕಳಾಗಿರುವ ಸಾಧ್ಯತೆ ಐವತ್ತರಲ್ಲಿ ಒಂದು. ಅದರ ಕಾಲು ಪಾಲು, ಇನ್ನೂರರಲ್ಲಿ ಒಂದು, ಮಗುವಿಗೆ ದೋಷ. ಅವನೇ ಅಕ್ಕನ ಮಗಳನ್ನು ಮದುವೆಯಾದರೆ? ಅವನಿಗೆ ಬಂದದ್ದು ಅಕ್ಕನಿಗೂ ಬಂದಿರುವ ಸಾಧ್ಯತೆ ಅರ್ಧ. ಅಕ್ಕನಿಂದ ಮಗಳಿಗೆ ಅದರರ್ಧ, ಅಂದರೆ ಕಾಲು. ಅದರ ಕಾಲು ಪಾಲು, ಹದಿನಾರರಲ್ಲಿ ಒಂದು. ಇನ್ನೂರು ಎಲ್ಲಿ, ಹದಿನಾರು ಎಲ್ಲಿ!

"ನಮ್ಮ ಅಜ್ಜ-ಮುತ್ತಜ್ಜರೆಲ್ಲ ಸೋದರಿಕೆಯಲ್ಲೇ ಲಗ್ನವಾದರು, ಏನಾಯಿತು?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಅತ್ತೆ-ಮಾವನ ಮಕ್ಕಳ ಮದುವೆಗಳಲ್ಲಿ ಮಗುವಿಗೆ ಗಂಭೀರ ದೋಷ ಬರುವ ಹೆಚ್ಚುವರಿ ಅಪಾಯ ನೂರಕ್ಕೆ ಎರಡು-ಮೂರರಷ್ಟು. ಸೋದರಮಾವನಾದರೆ ರಕ್ತ ಇನ್ನೂ ಹತ್ತಿರ. ಈ ಸಭೆಯಲ್ಲಿ ಸಂಬಂಧದಲ್ಲೇ ಮದುವೆಯಾದವರು ಅನೇಕರಿದ್ದೀರಿ, ಯಾರೂ ಹೆದರಬೇಕಾಗಿಲ್ಲ. ಆದರೆ ಹಿಂದೆ ಮನೆಯಲ್ಲಿ ಎಂಟು ಹೆತ್ತು ಮೂರು ಕಳೆದುಕೊಂಡರೆ "ಶಿವನ ಇಚ್ಛೆ" ಎಂದು ಮಣ್ಣು ಮಾಡಿ ಬರುತ್ತಿದ್ದರು. ಯಾಕೆ ಹೋಯಿತೆಂದು ಕೇಳಿದವರಿಲ್ಲ, ಬರೆದಿಟ್ಟವರಿಲ್ಲ. ಲೆಕ್ಕ ಇಡದಿದ್ದ ಮಾತ್ರಕ್ಕೆ ನಷ್ಟ ಆಗಲಿಲ್ಲ ಎನ್ನಲಾಗದು.

ಲೆಕ್ಕ ಇಟ್ಟ ಒಂದು ಮನೆತನ ಇತಿಹಾಸದಲ್ಲಿದೆ. ಸ್ಪೇನ್ ಆಳಿದ ಹ್ಯಾಬ್ಸ್‌ಬರ್ಗ್ ಅರಸರು. ರಾಜ್ಯ ಮನೆಯಲ್ಲೇ ಉಳಿಯಲೆಂದು ತಲೆಮಾರುಗಳ ಕಾಲ ಒಳಗೊಳಗೇ ಮದುವೆ ಮಾಡಿಕೊಂಡರು. ನಾವು ಹೊಲಕ್ಕಾಗಿ ಮಾಡಿದ್ದನ್ನು ಅವರು ರಾಜ್ಯಕ್ಕಾಗಿ ಮಾಡಿದರು. ನಾಲ್ಕನೆಯ ಫಿಲಿಪ್ 1649ರಲ್ಲಿ ತನ್ನ ತಂಗಿಯ ಮಗಳನ್ನೇ ಮದುವೆಯಾದ. ಅವರ ಮಗ ಎರಡನೆಯ ಕಾರ್ಲೋಸ್ 1661ರಲ್ಲಿ ಹುಟ್ಟಿದ. ಜೀವನವಿಡೀ ರೋಗಿಷ್ಠ, ಎರಡು ಮದುವೆಯಾದರೂ ಮಕ್ಕಳಿಲ್ಲ. 1700ರಲ್ಲಿ ಮೂವತ್ತೆಂಟು ವರ್ಷಕ್ಕೆ ತೀರಿಕೊಂಡ. ಯಾವ ರಾಜ್ಯ ಉಳಿಸಲು ಇಷ್ಟೆಲ್ಲ ಮಾಡಿದರೋ ಆ ರಾಜ್ಯ ಬೇರೆ ಮನೆತನಕ್ಕೆ ಹೋಯಿತು. ಅದಕ್ಕಾಗಿ ಯುರೋಪಿನಲ್ಲಿ ಹದಿಮೂರು ವರ್ಷ ಯುದ್ಧ ನಡೆಯಿತು. ವಂಶಾವಳಿ ಹಿಡಿದು ಲೆಕ್ಕ ಹಾಕಿದ ವಿಜ್ಞಾನಿಗಳ ಪ್ರಕಾರ, ಒಡಹುಟ್ಟಿದವರಿಬ್ಬರಿಗೆ ಮಗು ಹುಟ್ಟಿದರೆ ರಕ್ತ ಎಷ್ಟು ಹತ್ತಿರವಾಗುತ್ತದೋ ಕಾರ್ಲೋಸನದು ಅಷ್ಟೇ ಹತ್ತಿರವಾಗಿತ್ತು.

ಆಗ ಒಬ್ಬ ರೈತ ಎದ್ದು ಕೇಳಬಹುದು: ದನದಲ್ಲಿ, ಕುರಿಯಲ್ಲಿ ಹತ್ತಿರದ ರಕ್ತ ಕೂಡಿಸಿಯೇ ಒಳ್ಳೆಯ ತಳಿ ಮಾಡುತ್ತಾರಲ್ಲ? ಹೌದು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಬರ್ಟ್ ಬೇಕ್‌ವೆಲ್ ಎಂಬ ರೈತ ಹಾಗೆಯೇ ಮಾಡಿ ಲೀಸ್ಟರ್ ಕುರಿ ತಳಿಯನ್ನು ಬೆಳೆಸಿದ. ಆದರೆ ತಳಿಗಾರನ ಕೈಯಲ್ಲಿ ಒಂದು ಕತ್ತರಿ ಇರುತ್ತದೆ. ಸೊರಗಿದ ಮರಿ, ಕುಂಟು ಮರಿ ಹುಟ್ಟಿದರೆ ಕಟುಕನಿಗೆ ಕೊಡುತ್ತಾನೆ, ಚೆನ್ನಾದದ್ದನ್ನು ಇಟ್ಟುಕೊಳ್ಳುತ್ತಾನೆ. ಬೇಡದ್ದನ್ನು ಎಸೆಯದೆ ಆ ವಿದ್ಯೆ ನಡೆಯುವುದಿಲ್ಲ. ಮನುಷ್ಯರ ಮನೆಯಲ್ಲಿ ಯಾವ ಮಗುವೂ ಎಸೆಯುವ ಮಗುವಲ್ಲ. ನನ್ನ ತಮ್ಮನ ಮಗ ಇಂದು ಹುಬ್ಬಳ್ಳಿಯಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸುವ ಕೆಲಸ ಮಾಡುತ್ತಾನೆ. ಅವನ ಗೆರೆಯಲ್ಲಿ ತಪ್ಪು ಹುಡುಕಲು ನನ್ನಂಥ ಎಂಜಿನಿಯರನಿಗೂ ಕಷ್ಟ. ಅವನಿಲ್ಲದ ನಮ್ಮ ಮನೆಯನ್ನು ನಾನು ಊಹಿಸಲಾರೆ.

ದನದಲ್ಲಿಯೂ ಕಣ್ಣಿಗೆ ಕಾಣುವ ಗುಣ ಆರಿಸಿದಾಗ ಕಾಣದ ದೋಷ ಜೊತೆಗೇ ಬರುತ್ತದೆ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಹೋಲ್‌ಸ್ಟೀನ್ ಹೋರಿಯ ಸಂತತಿ ಬಹಳ ಹಾಲು ಕೊಡುತ್ತದೆಂದು ಕೃತಕ ಗರ್ಭಧಾರಣೆಯಲ್ಲಿ ಅದನ್ನೇ ಬಳಸಿದರು. ಸುಮಾರು 16,000 ಹೆಣ್ಣು ಕರುಗಳಾದವು. ಅದರ ವಂಶದವು ತಮ್ಮೊಳಗೇ ಕೂಡತೊಡಗಿದಾಗ ಕರುಗಳು ಹೊಟ್ಟೆಯಲ್ಲೇ ಸಾಯತೊಡಗಿದವು. ಆ ಹೋರಿಯಲ್ಲಿ ಒಂದು ದೋಷ ಅಡಗಿತ್ತು ಎಂದು ಗೊತ್ತಾದದ್ದು ದಶಕಗಳ ನಂತರ. ಜಗತ್ತಿನಲ್ಲಿ ಅದರಿಂದ ಸುಮಾರು ಐದು ಲಕ್ಷ ಗರ್ಭಪಾತವಾಗಿರಬೇಕೆಂದು ಅಂದಾಜು. "ಮನೆತನ ಚಲೋ, ಬೀಜ ಚಲೋ" ಎಂದು ಕಣ್ಣು ಮುಚ್ಚಿ ಹೇಳುವವರು ಆ ಹೋರಿಯನ್ನು ನೆನೆಯಬೇಕು.

ಇನ್ನೊಂದು ಎಚ್ಚರವನ್ನೂ ಹೇಳಲೇಬೇಕು. ಈ ಅರ್ಧ ತಿಳಿವಳಿಕೆ ಹಿಡಿದು, ಮನುಷ್ಯರಲ್ಲೂ ಒಳ್ಳೆಯ ತಳಿ ಮಾಡೋಣ ಎಂದು ಹೊರಟವರಿದ್ದರು. ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಅದಕ್ಕೊಂದು ಹೆಸರೂ ಇಟ್ಟ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವೇ 1927ರಲ್ಲಿ "ಬುದ್ಧಿ ಕಡಿಮೆ" ಎಂದು ಹಣೆಪಟ್ಟಿ ಹಚ್ಚಿದ ಹೆಣ್ಣುಮಗಳಿಗೆ ಬಲವಂತದ ಸಂತಾನಹರಣವನ್ನು ಸರಿ ಎಂದಿತು. ಹಿಟ್ಲರನ ಜರ್ಮನಿ 1933ರಲ್ಲಿ ಕಾನೂನು ಮಾಡಿ ಸುಮಾರು ನಾಲ್ಕು ಲಕ್ಷ ಜನರಿಗೆ ಹಾಗೆ ಮಾಡಿತು. ಅವರ ಪಟ್ಟಿಯಲ್ಲಿ ಹುಟ್ಟು ಕಿವುಡರೂ ಇದ್ದರು. ವಂಶದ ಶ್ರೇಷ್ಠತೆಯ ಮಾತು ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಶರಣರಿಗೆ ವಂಶವಾಹಿ ಗೊತ್ತಿರಲಿಲ್ಲ. ಅವರು ವಿಜ್ಞಾನವನ್ನು ಮೊದಲೇ ಹೇಳಿಬಿಟ್ಟಿದ್ದರು ಎಂದು ನಾನು ಹೇಳುವುದಿಲ್ಲ. ಅದು ಅವರಿಗೂ ವಿಜ್ಞಾನಕ್ಕೂ ಮಾಡುವ ಅಪಚಾರ. ಆದರೆ ಅವರು ಹಿಡಿದ ಪ್ರಶ್ನೆ ಸರಿಯಾಗಿತ್ತು: ಹುಟ್ಟಿನಿಂದ ಮನುಷ್ಯನಿಗೆ ಹೆಚ್ಚು-ಕಡಿಮೆ ಬರುತ್ತದೆಯೇ? ಕಣ್ಣಿನ ಬಣ್ಣ, ರಕ್ತದ ಗುಂಪು, ಕೆಲವು ರೋಗ ರಕ್ತದಲ್ಲಿ ಬರುತ್ತವೆ. ಭಕ್ತಿ, ಕಾಯಕ, ದಾಸೋಹ ಬರುವುದಿಲ್ಲ. ಇಷ್ಟಲಿಂಗವನ್ನು ಗುರು ಕೈಗೆ ಕೊಡಬೇಕು, ಅದು ರಕ್ತದಲ್ಲಿ ಹರಿದು ಬರುವುದಿಲ್ಲ. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ಆ ಮದುವೆಗಾಗಿ ತಂದೆಯರಿಬ್ಬರೂ ಪ್ರಾಣ ತೆತ್ತರೆಂದು ನಮ್ಮ ಪರಂಪರೆ ಹೇಳುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಪ್ರಾಣ ಕೊಟ್ಟು ತೆರೆದ ಬಾಗಿಲನ್ನು ನಾವು ಏನು ಮಾಡಿದ್ದೇವೆ? ಪಂಚಮಸಾಲಿ, ಬಣಜಿಗ, ಜಂಗಮ, ಗಾಣಿಗ, ಸಾದರ, ನೊಣಬ ಎಂದು ಮತ್ತೆ ಹಾಕಿಕೊಂಡಿದ್ದೇವೆ. ಒಳಪಂಗಡ ಬಿಟ್ಟು ಕೊಡುವುದಿಲ್ಲ, ಒಳಪಂಗಡದಲ್ಲೂ ಕಳ್ಳುಬಳ್ಳಿ ಬಿಟ್ಟು ಹೋಗುವುದಿಲ್ಲ.

ಮುಚ್ಚಿದ ಬಾಗಿಲಿಗೆ ತೆರುವ ಬೆಲೆಯನ್ನು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕೆ. ತಂಗರಾಜ್ ಮತ್ತು ಸಂಗಡಿಗರು ಲೆಕ್ಕ ಹಾಕಿದ್ದಾರೆ. 2013ರ ಅವರ ಅಧ್ಯಯನದ ಪ್ರಕಾರ ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ದೇಶದ ಜನ ಧಾರಾಳವಾಗಿ ಬೆರೆತರು. ಒಳಗೊಳಗಿನ ಮದುವೆಯ ಗೋಡೆ ಎದ್ದದ್ದು ಆಮೇಲೆ. ಅನಾದಿಯಿಂದ ಬಂದ ಶುದ್ಧ ರಕ್ತ ಎಂಬುದು ಯಾರಿಗೂ ಇಲ್ಲ. 2017ರಲ್ಲಿ ಅವರು ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿದಾಗ 81 ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು ಒಳಗೇ ಉಳಿದ ಗುರುತು ಕಂಡಿತು. ಇಂಥ ಕಡೆ ಸಂಬಂಧವೇ ಇಲ್ಲದ ಎರಡು ಮನೆಗಳಲ್ಲೂ ಒಂದೇ ಹಳೆಯ ದೋಷ ಅಡಗಿರಬಹುದು. ಗೋತ್ರ ಬೇರೆ, ಬೆಡಗು ಬೇರೆ ಎಂದರೂ ಪಂಪು ಅದೇ ಬ್ಯಾಚಿನದು.

ಕಾನೂನಿನ ಮಾತೂ ಒಂದು. 1955ರ ಹಿಂದೂ ವಿವಾಹ ಕಾಯ್ದೆ ತನ್ನ ವ್ಯಾಪ್ತಿಯಲ್ಲಿ ವೀರಶೈವ, ಲಿಂಗಾಯತ ಎಂದು ನಮ್ಮನ್ನು ಹೆಸರಿಸಿಯೇ ಸೇರಿಸಿದೆ. ಅದರಲ್ಲಿ ಮಾವ-ಸೋದರಸೊಸೆ, ಅಣ್ಣ-ತಂಗಿಯರ ಮಕ್ಕಳು ನಿಷಿದ್ಧ ಸಂಬಂಧಗಳು. ಆದರೆ ರೂಢಿ ಇದ್ದಲ್ಲಿ ಮಾಫಿ. ನಾವು ಇಂದಿಗೂ ರೂಢಿಯ ಆ ಸಂದಿಯಲ್ಲೇ ನುಸುಳುತ್ತಿದ್ದೇವೆ. ಕರ್ನಾಟಕದಲ್ಲಿ ಈಗಲೂ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧಿಕರೊಳಗೇ ಆಗುತ್ತಿದೆ. ರೂಢಿಯನ್ನು ಪ್ರಶ್ನಿಸಿಯೇ ಹುಟ್ಟಿದ ಧರ್ಮದವರು ನಾವು!

ಕೊನೆಗೆ ಮತ್ತೆ ನನ್ನ ಮನೆ. ತಮ್ಮನಿಗೆ ಎರಡನೆಯವಳು ಹೆಣ್ಣು ಮಗಳು, ಕಿವಿ ಚೆನ್ನಾಗಿದೆ, ಓದಿದ್ದಾಳೆ. ಈ ವರ್ಷ ನಮ್ಮ ಅಕ್ಕ ತನ್ನ ಮಗನ ಮಗನಿಗೆ ಅವಳನ್ನು ಕೇಳಿದಳು. ಹುಡುಗ ಗುಣವಂತ. ಮನೆಯವರು ಮತ್ತೆ ನನ್ನ ಕಡೆ ನೋಡಿದರು. ಈ ಸಲ ಕಾಗದ ತೆಗೆದುಕೊಂಡು ಲೆಕ್ಕ ಮಾಡಿದೆ. ಹುಡುಗಿ ಕಿವುಡಿಯಲ್ಲವಾದ್ದರಿಂದ ನಾಲ್ಕರಲ್ಲಿ ಒಂದು ಪಾಲು ಹೋಯಿತು. ಉಳಿದ ಮೂರರಲ್ಲಿ ಎರಡು ಪಾಲು ಅವಳು ವಾಹಕಳು. ಹುಡುಗನ ತಂದೆ ಅವಳ ತಾಯಿಯ ಒಡಹುಟ್ಟಿದವನು. ಅವನು ವಾಹಕನಾಗಿರುವ ಸಾಧ್ಯತೆ ಅರ್ಧ, ಹುಡುಗ ಕಾಲು. ಇವೆರಡನ್ನೂ ಗುಣಿಸಿ, ಮತ್ತೆ ಕಾಲಿನಿಂದ ಗುಣಿಸಿದರೆ ಇಪ್ಪತ್ನಾಲ್ಕರಲ್ಲಿ ಒಂದು. ಯಾವ ಎಂಜಿನಿಯರನೂ ದೊಡ್ಡ ಅಣೆಕಟ್ಟಿನ ಕೋಡಿಯನ್ನು ಇಪ್ಪತ್ನಾಲ್ಕು ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕೆ ಸಾಕೆಂದು ಕಟ್ಟುವುದಿಲ್ಲ.

ಲೆಕ್ಕ ಮುಗಿದ ಮೇಲೆ ಹುಡುಗಿಯನ್ನು ಕರೆದು ಕಾಗದ ಅವಳ ಮುಂದಿಟ್ಟು, "ನಿನ್ನ ಮನಸಿನಾಗ ಏನೈತಿ ಹೇಳವಾ" ಎಂದೆ. "ದೊಡ್ಡಪ್ಪಾ, ನನ್ನ ಕೇಳಿದಾವ್ರು ನೀವ ಮೊದಲನೇದವ್ರು. ನನಗ ಈ ಲಗ್ನ ಬ್ಯಾಡ" ಎಂದಳು. ನಾನು ಅಕ್ಕನಿಗೆ ಆಗುವುದಿಲ್ಲ ಎಂದು ಹೇಳಿದೆ. ಅಕ್ಕನಿಗೆ ಎಪ್ಪತ್ತೈದು. ನನ್ನನ್ನು ಎತ್ತಿ ಆಡಿಸಿದವಳು. ಅಂದಿನಿಂದ ನಾಲ್ಕು ತಿಂಗಳಾಯಿತು, ನನ್ನೊಡನೆ ಮಾತಿಲ್ಲ. ಬಸವ ಜಯಂತಿಗೆ ಹೋದಾಗ ಪ್ರಸಾದ ಕೊಟ್ಟಳು, ಮುಖ ಕೊಡಲಿಲ್ಲ. ಆ ನೋವು ನನಗಿದೆ. ಆದರೆ 1990ರಲ್ಲಿ "ಚಲೋನ ಆತು" ಎಂದ ನೋವು ಇದಕ್ಕಿಂತ ದೊಡ್ಡದು.

ತಮ್ಮಲ್ಲಿ ನನ್ನ ಬಿನ್ನಹ ನಾಲ್ಕು. ಒಂದು, ಇನ್ನು ಮುಂದೆ ಸೋದರಮಾವನಿಗೆ, ಅತ್ತೆ-ಮಾವನ ಮಕ್ಕಳಿಗೆ ಕೊಟ್ಟು ತರುವುದನ್ನು ನಿಲ್ಲಿಸೋಣ. ಎರಡು, ಈಗಾಗಲೇ ಆಗಿದ್ದರೆ ಭಯ ಬೇಡ, ಬಸಿರಿಗೆ ಮುಂಚೆ ಆನುವಂಶಿಕ ಸಲಹೆ ಕೊಡುವ ವೈದ್ಯರನ್ನು ಕಾಣಿರಿ. ಮನೆಯಲ್ಲಿ ಇಂಥ ದೋಷ ಯಾವುದೆಂದು ಗೊತ್ತಿದ್ದರೆ ಈಗ ರಕ್ತ ಪರೀಕ್ಷೆಯಿಂದ ವಾಹಕರನ್ನು ಗುರುತಿಸಬಹುದು. ಹುಟ್ಟಿದ ಕೂಸಿನ ಕಿವಿಯನ್ನು ಮೊದಲ ತಿಂಗಳಲ್ಲೇ ಪರೀಕ್ಷೆ ಮಾಡಿಸಿರಿ. ಬೇಗ ಗೊತ್ತಾದಷ್ಟು ಮಾತು ಕಲಿಸುವುದು ಸುಲಭ. ಮೂರು, ಮಗುವಿಗೆ ಏನೇ ಇರಲಿ, ತಾಯಿಯನ್ನು ಬೈಯುವ ಬಾಯಿಗೆ ಬೀಗ ಹಾಕಿರಿ. ನಾಲ್ಕು, ಇದು ಪೂಜ್ಯರಲ್ಲಿ ಅರಿಕೆ. ಶ್ರೀಮಠದಲ್ಲಿ ನಡೆಯುವ ವಧು-ವರರ ಸಮಾವೇಶದ ಅರ್ಜಿಯಲ್ಲಿ "ಒಳಪಂಗಡ" ಎಂಬ ಅಂಕಣವಿದೆ. ಅದನ್ನು ತೆಗೆದು, ಆ ಜಾಗದಲ್ಲಿ "ಹುಡುಗ-ಹುಡುಗಿ ಮೊದಲೇ ಸಂಬಂಧಿಕರೇ?" ಎಂಬ ಪ್ರಶ್ನೆ ಹಾಕಿಸಬೇಕು. ಒಂದು ಸಾಲು ತೆಗೆದು ಒಂದು ಸಾಲು ಸೇರಿಸುವ ಕೆಲಸ.

ನನ್ನ ತಂದೆಯವರು ಕಡಸಿಗಾಗಿ ಬಿಸಿಲಲ್ಲಿ ಬೇರೆ ಊರಿಗೆ ನಡೆದರು. ನಮ್ಮ ಮಕ್ಕಳಿಗಾಗಿ ನಾವು ಪಕ್ಕದ ಪಂಗಡದ ಹೊಸ್ತಿಲವರೆಗಾದರೂ ನಡೆಯೋಣ.